ಈಳಿಗೆ ಮಣೆ ಬೆರಳಿಗೆ ತಾಗಿದಾಗ ಕಾಫಿಪುಡಿ ಮೆತ್ತಬೇಡಿ

ಹೀರೇಕಾಯಿ ಹೆಚ್ಚುತ್ತಾ ಮಾತಾಡ್ತಿದ್ರಿ, ಬೆರಳು ಕುಯ್ದುಹೋಯ್ತು. ನಮ್ಮನೆಯಲ್ಲಾದರೆ ತಕ್ಷಣ ಯಾರಾದರೂ ಕಾಫಿಪುಡಿ ಡಬ್ಬಿ ಹಿಡಿದು ಓಡಿ ಬರುತ್ತಾರೆ. ಬೇಡ. ಮೊದಲು ನಲ್ಲಿ ನೀರು ಬಿಟ್ಟು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಆಮೇಲೆ ಒಗೆದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಬಾರದು, ಆಗತಾನೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ.

ಅಷ್ಟರಲ್ಲಿ ಒಳಗೆ ಕೆಲಸ ಶುರುವಾಗಿರುತ್ತದೆ. ಚರ್ಮದಲ್ಲೇ ಕಾದು ಕೂತಿರುವ ಮಾಸ್ಟ್ ಅನ್ನೋ ಕಾವಲು ಕೋಶಗಳು ಹಿಸ್ಟಮೈನ್ ಅನ್ನೋ ರಾಸಾಯನಿಕ ಬಿಡುತ್ತವೆ, ಅಲ್ಲಿನ ರಕ್ತನಾಳ ಹಿಗ್ಗಿ ಸ್ವಲ್ಪ ಸೋರುತ್ತದೆ, ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನಾಳದ ಗೋಡೆಯಲ್ಲಿ ನುಸುಳಿ ಹೊರಬಂದು ಬ್ಯಾಕ್ಟೀರಿಯಾಗಳನ್ನು ನುಂಗತೊಡಗುತ್ತವೆ. ಯಾವ ರೋಗಾಣು, ಹಿಂದೆ ಬಂದಿತ್ತಾ ಅಂತ ಅವು ವಿಚಾರಿಸೋದಿಲ್ಲ. ಕಾಫಿಪುಡಿಯೂ ಅವಕ್ಕೆ ಹೊರಗಿನ ಕಸವೇ, ಸುಮ್ನೆ ಕೆಲಸ ಜಾಸ್ತಿ ಮಾಡಿದಂತೆ.

ಕೋಶಗಳು ಹೀಗೆ ಮುತ್ತೋದು ದೇಹದ ಕಾವಲು ಕೆಲಸ ಅಂತ ತೋರಿಸಿಕೊಟ್ಟವರು ರಷ್ಯಾದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿಟ್ಟು ಮಾರನೇ ಬೆಳಗ್ಗೆ ನೋಡಿದರೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುಳ್ಳಿನ ಸುತ್ತ ಕೋಶಗಳು! 1908ರಲ್ಲಿ ನೊಬೆಲ್ ಬಂತು.

ಹಾಗಾಗಿ ಮಾರನೇ ದಿನ ಗಾಯದ ಅಂಚು ಸ್ವಲ್ಪ ಕೆಂಪಗೆ, ಬಿಸಿಯಾಗಿ ಊದಿದ್ದರೆ ಗಾಬರಿ ಬೇಡ. ಒಂದು ಉಪಾಯ ಹೇಳ್ತೀನಿ: ಕೆಂಪು ಎಲ್ಲಿಯವರೆಗಿದೆಯೋ ಅದರ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯಿರಿ. ಸಂಜೆಗೆ ಕೆಂಪು ಗೆರೆಯೊಳಗೇ ಇದ್ದರೆ ಸರಿ. ಗೆರೆ ದಾಟಿದ್ದರೆ, ಕೈ ಮೇಲೆ ಕೆಂಪು ಪಟ್ಟೆ ಮೂಡಿದ್ದರೆ, ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕೀವು ಕಟ್ಟಿದರೂ ತೋರಿಸಿ, ನೀವೇ ಹಿಂಡಬೇಡಿ. ಅದರಲ್ಲಿ ಹೆಚ್ಚಿನದು ಸತ್ತ ನ್ಯೂಟ್ರೋಫಿಲ್‌ಗಳೇ, ಪಾಪ. ಶುಗರ್ ಇರುವವರು ಕಾಯಲೇಬಾರದು, ರಕ್ತದಲ್ಲಿ ಸಕ್ಕರೆ ಏರಿದಾಗ ಈ ಕಣಗಳು ಮಂಕಾಗುತ್ತವೆ.

ಇನ್ನು ಧನುರ್ವಾಯು. ಅದರ ವಿಷದ ಮುಂದೆ ಈ ಪಡೆಯ ಆಟ ನಡೆಯೋದಿಲ್ಲ, ಅದಕ್ಕೆ ಇಂಜೆಕ್ಷನ್ನೇ ಬೇಕು. ಮಣೆಗೆ ಮಣ್ಣು, ಸಗಣಿ ತಾಗಿತ್ತು ಅಥವಾ ಕೊನೆಯ ಟಿಟಿ ಯಾವಾಗ ತಗೊಂಡಿದ್ದು ನೆನಪಿಲ್ಲ ಅಂದ್ರೆ, ಬ್ಯಾಂಡೇಜ್ ಸುತ್ತಿಕೊಂಡು ಇವತ್ತೇ ಕ್ಲಿನಿಕ್ಕಿಗೆ ಹೋಗಿ ಕೇಳಿ.