"ಮತ್ತೆ ಬರುತ್ತಾ ಸಿಸ್ಟರ್?"

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ 13 ವರ್ಷದಿಂದ ನರ್ಸ್. ಮೊದಲ ಆರು ವರ್ಷ ಕೀಮೋ ವಾರ್ಡಿನಲ್ಲಿದ್ದೆ. ಕೊನೆಯ ಡೋಸ್ ಮುಗಿದ ದಿನ ಜನ ಸ್ವೀಟ್ ಡಬ್ಬ ತರುತ್ತಿದ್ದರು, ಅಳುತ್ತಿದ್ದರು, ಕೈ ಮುಗಿದು ಊರಿಗೆ ಹೋಗುತ್ತಿದ್ದರು. ಆಮೇಲೆ ಮನೆಯಲ್ಲಿ ಅವರು ಹೇಗಿರುತ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಚಿಕಿತ್ಸೆ ಮುಗಿದವರು ಆಗಾಗ ತೋರಿಸಿಕೊಳ್ಳಲು ಬರುವ ಫಾಲೋ-ಅಪ್ ಓಪಿಡಿಗೆ ಬಂದ ಮೇಲೆ ಗೊತ್ತಾಯಿತು.

ಟ್ರೀಟ್‌ಮೆಂಟ್ ನಡೆಯುವಾಗ ಏನೋ ಒಂದು ನಡೆಯುತ್ತಿದೆ ಅನ್ನುವ ಧೈರ್ಯ ಇರುತ್ತದೆ. ನಮ್ಮವರು 'ಕರೆಂಟ್ ಕೊಡೋದು' ಅನ್ನುವ ರೇಡಿಯೇಷನ್‌ಗೆ ವಾರಕ್ಕೆ ಐದು ದಿನ ಬರುತ್ತಾರೆ. ದಿನಾ ಯಾರೋ ಒಬ್ಬರು ಮೈ ನೋಡುತ್ತಾರೆ, ಮಾತಾಡಿಸುತ್ತಾರೆ. ಒಂದು ದಿನ ಅದು ಮುಗಿಯುತ್ತದೆ. "ಮೂರು ತಿಂಗಳು ಬಿಟ್ಟು ಬನ್ನಿ" ಅಂತ ಫೈಲ್ ಮೇಲೆ ಬರೆದು ಕೊಡುತ್ತಾರೆ. "ಕೈ ಬಿಟ್ಟಂಗಾಯ್ತು ಸಿಸ್ಟರ್" ಅನ್ನುವ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮನೆಯವರು ಖುಷಿಯಲ್ಲಿರುತ್ತಾರೆ. ಇವರಿಗೆ ಭಯ ಅವತ್ತು ಶುರುವಾಗುತ್ತದೆ.

ಓಪಿಡಿಗೆ ಬಂದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ತುಮಕೂರು ಕಡೆಯ ಒಬ್ಬ ಅಂಗನವಾಡಿ ಟೀಚರ್. ಸ್ತನ ಕ್ಯಾನ್ಸರ್, ಆಪರೇಷನ್, ಕೀಮೋ, ಕರೆಂಟ್ ಎಲ್ಲ ಮುಗಿದಿತ್ತು. "ಮತ್ತೆ ಬರುತ್ತಾ ಸಿಸ್ಟರ್?" ಅಂದರು. ನಾನು ಅವರ ಭುಜ ಹಿಡಿದು, "ಎಲ್ಲಾ ವಾಸಿಯಾಯ್ತು ಅಕ್ಕ, ಇನ್ಮೇಲೆ ಕ್ಯಾನ್ಸರ್ ಅನ್ನೋದನ್ನೇ ಮರೆತುಬಿಡಿ" ಅಂದೆ. ಪ್ರೀತಿಯಿಂದಲೇ ಹೇಳಿದ್ದೆ. ಎರಡು ತಿಂಗಳಿಗೆ ಅವರಿಗೆ ಒಣ ಕೆಮ್ಮು ಬಂತು. ಗಂಡನಿಗೆ ಕೇಳಿಸಬಾರದು ಅಂತ ಬಾಯಿಗೆ ಟವೆಲ್ ಒತ್ತಿಕೊಂಡು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರಂತೆ. ಆರು ವಾರ ಯಾರಿಗೂ ಹೇಳಲಿಲ್ಲ. ಕೊನೆಗೆ ನೋಡಿದರೆ ಅದು ಕ್ಯಾನ್ಸರ್ ಆಗಿರಲಿಲ್ಲ. ಕರೆಂಟ್ ಕೊಟ್ಟ ಕಡೆಯ ಶ್ವಾಸಕೋಶ ಊದಿಕೊಂಡಿತ್ತು. ರೇಡಿಯೇಷನ್ ಆದ ಕೆಲವು ತಿಂಗಳಲ್ಲಿ ಕೆಲವರಿಗೆ ಹಾಗಾಗುತ್ತದೆ. ಸ್ಟೀರಾಯ್ಡ್ ಮಾತ್ರೆಗೆ ಕಡಿಮೆಯಾಯಿತು. "ಮೊದಲೇ ಯಾಕೆ ಫೋನ್ ಮಾಡಲಿಲ್ಲ?" ಅಂತ ಕೇಳಿದೆ. "ನೀವೇ ಮರೆತುಬಿಡಿ ಅಂದ್ರಲ್ಲ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ "ಏನೂ ಆಗಲ್ಲ ಬಿಡಿ" ಅನ್ನುವ ಮಾತನ್ನು ಬಿಟ್ಟೆ. ಈಗ ಯಾರಾದರೂ ಮತ್ತೆ ಬರುತ್ತಾ ಅಂತ ಕೇಳಿದರೆ, ಕುರ್ಚಿ ಎಳೆದು ಪಕ್ಕದಲ್ಲಿ ಕೂರುತ್ತೇನೆ. "ಬರಲ್ಲ ಅಂತ ಹೇಳೋಕೆ ನನಗೂ ಆಗಲ್ಲ, ಡಾಕ್ಟರಿಗೂ ಆಗಲ್ಲ. ಆದ್ರೆ ಏನು ಕಂಡ್ರೆ ಹೇಳಬೇಕು, ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಅನ್ನೋದು ಗೊತ್ತಿದೆ. ಅದನ್ನ ಇವತ್ತು ಬರೆದುಕೊಳ್ಳೋಣ" ಅನ್ನುತ್ತೇನೆ. ಮೊದಮೊದಲು ಈ ಮಾತು ಕೇಳಿ ಎದೆ ಒಡೆದುಕೊಳ್ಳುತ್ತಾರೇನೋ ಅಂತ ಹೆದರಿದ್ದೆ. ಹಾಗಾಗಲಿಲ್ಲ. ಹೆಚ್ಚಿನವರು ಉಸಿರು ಬಿಟ್ಟು ಹಿಂದಕ್ಕೆ ಒರಗುತ್ತಾರೆ. ಅವರ ಮನಸ್ಸಿನಲ್ಲಿ ಇದ್ದದ್ದನ್ನು ಕೊನೆಗೂ ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳುತ್ತೇವೆ. ಅವರ ಫೈಲ್ ನೋಡಿ, ಡಾಕ್ಟರನ್ನು ಕೇಳಿ ಬರೆಯುತ್ತೇನೆ. ಸ್ತನ ಕ್ಯಾನ್ಸರ್ ಆದವರಾದರೆ, ಲೆಟ್ರೊಜೋಲ್ ಮಾತ್ರೆಯಿಂದ ಬೆಳಿಗ್ಗೆ ಕೀಲು ಹಿಡಿದುಕೊಳ್ಳುವುದು, ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ತೆಗೆದುಕೊಂಡವರಿಗೆ ಪಾದ ಜೋಮು ಹಿಡಿದಂತಿರುವುದು, ತಿಂಗಳುಗಟ್ಟಲೆ ಸುಸ್ತು. ಇವು ಔಷಧಿಯ ಕೆಲಸ. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಅದರ ಕೆಳಗೆ, ಎರಡು ವಾರವಾದರೂ ಹೋಗದ ಕೆಮ್ಮು, ಒಂದೇ ಜಾಗದ ಮೂಳೆ ನೋವು. ಕಂಕುಳಲ್ಲೋ ಕುತ್ತಿಗೆಯಲ್ಲೋ ಹೊಸ ಗಂಟು ಕಂಡರೆ ಎರಡು ವಾರ ಕಾಯುವುದೂ ಬೇಡ. ಇವಕ್ಕೆ ಫೋನ್ ಮಾಡಬೇಕು. ಎಲ್ಲಕ್ಕಿಂತ ಕೆಳಗೆ, ಅವತ್ತೇ ಹೊರಡಬೇಕಾದವು: ಉಸಿರುಗಟ್ಟುವುದು, ಫಿಟ್ಸ್, ಕಾಲಿನ ಶಕ್ತಿ ಹೋಗುವುದು, ಆಪರೇಷನ್ ಆದ ಕಡೆಯ ಕೈ ಕೆಂಪಾಗಿ ಜ್ವರ ಬರುವುದು. ಹಾಳೆಯ ತಲೆಯ ಮೇಲೆ ಓಪಿಡಿ ಫೋನ್ ನಂಬರ್. ಫ್ರಿಡ್ಜ್ ಮೇಲೋ ದೇವರ ಮನೆ ಬಾಗಿಲಿನ ಒಳಗಡೆಯೋ ಅಂಟಿಸಿ ಅನ್ನುತ್ತೇನೆ. ಒಳಗಡೆ ಯಾಕೆ ಅಂದರೆ, ಎಷ್ಟೋ ಮನೆಗಳಲ್ಲಿ ಕಾಯಿಲೆಯ ವಿಷಯ ನೆಂಟರಿಗೆ ಹೇಳಿರುವುದಿಲ್ಲ. ಮಗಳ ಮದುವೆ ಇರುತ್ತದೆ. ನಮ್ಮ ಕಡೆ ಆ ಕಾಯಿಲೆಯ ಹೆಸರು ಹೇಳದೆ "ಕಿದ್ವಾಯಿಗೆ ಹೋಗ್ಬೇಕಂತೆ" ಅಂದು ಸುಮ್ಮನಾಗುವ ರೂಢಿ ಇವತ್ತಿಗೂ ಇದೆ ಅಲ್ವಾ?

ಭಯ ಜಾಸ್ತಿಯಾದವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಪದೇ ಪದೇ ಪರೀಕ್ಷೆ ಕೇಳುತ್ತಾರೆ. ಏನೂ ತೊಂದರೆ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಮಾಡಿಸೋಣ, ಸಾಲ ಮಾಡಿದರೂ ಪರವಾಗಿಲ್ಲ ಅನ್ನುತ್ತಾರೆ. ಅವರಿಗೆ ಇಟಲಿಯ ಕಥೆ ಹೇಳುತ್ತೇನೆ. ಅಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಇಟ್ಟುಕೊಂಡು ಎರಡು ದೊಡ್ಡ ಅಧ್ಯಯನ ನಡೆದವು, ಎರಡೂ 1994ರಲ್ಲಿ ಪ್ರಕಟವಾದವು. ಒಂದು ಗುಂಪಿಗೆ ಆಗಾಗ ಶ್ವಾಸಕೋಶದ ಎಕ್ಸ್‌ರೇ, ಮೂಳೆ ಸ್ಕ್ಯಾನ್. ಇನ್ನೊಂದಕ್ಕೆ ಡಾಕ್ಟರ್ ಮುಟ್ಟಿ ನೋಡುವುದು, ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ, ಇಷ್ಟೇ. ಹೆಚ್ಚು ಪರೀಕ್ಷೆ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಇದನ್ನು ಹೇಳಿದ ತಕ್ಷಣ ಎಲ್ಲರೂ ಒಪ್ಪುವುದಿಲ್ಲ. ಆದರೆ ಡಾಕ್ಟರ್ ಸ್ಕ್ಯಾನ್ ಬರೆಯದಿರುವುದು ಉದಾಸೀನದಿಂದಲ್ಲ ಅನ್ನುವುದಾದರೂ ತಲೆಗೆ ಹೋಗುತ್ತದೆ.

ಇನ್ನೊಂದು ದಾರಿ ಆಸ್ಪತ್ರೆಯ ಕಡೆಗೇ ಬರದಿರುವುದು. ಇದರಲ್ಲಿ ಗಂಡಸರೇ ಜಾಸ್ತಿ. ಶಿವಮೊಗ್ಗ ಕಡೆಯ ಒಬ್ಬರು, ಬಾಯಿ ಕ್ಯಾನ್ಸರ್ ಆದವರು, ಎರಡು ಸಲ ಫಾಲೋ-ಅಪ್ ತಪ್ಪಿಸಿದರು. ಬಾಯಿ ಕ್ಯಾನ್ಸರ್ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಆಗಲೇ ತಪ್ಪಿಸಿಕೊಳ್ಳುವುದು ನನಗೆ ಸಂಕಟ. ಫೋನ್ ಮಾಡಿದರೆ ಅವರ ಹೆಂಡತಿ, "ಮಾತಾಡ್ಸಿದ್ರೆ ಸಿಟ್ಟು ಮಾಡ್ಕೋತಾರೆ ಸಿಸ್ಟರ್, ಊಟದ ತಟ್ಟೆ ತಳ್ತಾರೆ" ಅಂದರು. ಆ ಸಿಟ್ಟು ಭಯದ್ದು ಅಂತ ನನಗೆ ಅನ್ನಿಸಿತು. ಭಯದ ಮಾತೇ ಎತ್ತಲಿಲ್ಲ. "ಯಜಮಾನ್ರೇ, ಬಾಯಲ್ಲಿ ಎಷ್ಟು ಕಡ್ಡಿ ಹೋಗುತ್ತೆ ಈಗ?" ಅಂತ ಕೇಳಿದೆ. ಆಪರೇಷನ್, ಕರೆಂಟ್ ಆದವರಿಗೆ ದವಡೆ ಬಿಗಿಯುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ವ್ಯಾಯಾಮ ಮಾಡಿಸುತ್ತೇವೆ. ಅವರು ಎಂಟು ಅಂದರು. "ಹತ್ತು ಮಾಡ್ಕೊಂಡು ಬಂದು ತೋರ್ಸಿ" ಅಂದೆ. ತಿಂಗಳಾದ ಮೇಲೆ ಜೇಬಿನಲ್ಲಿ ಹತ್ತು ಕಡ್ಡಿ ಇಟ್ಟುಕೊಂಡು ಬಂದರು. ಡಾಕ್ಟರ್ ಬಾಯಿ ನೋಡಿದರು, ಕುತ್ತಿಗೆ ನೋಡಿದರು. ನಾಳೆ ಏನಾಗುತ್ತದೋ ಗೊತ್ತಿಲ್ಲದವರಿಗೆ ಇವತ್ತು ಎಣಿಸಬಹುದಾದ ಒಂದು ವಸ್ತು ಕೈಯಲ್ಲಿರಬೇಕು ಅನ್ನುವುದನ್ನು ನಾನು ಅವರಿಂದ ಕಲಿತೆ.

ಇನ್ನು ರಾಮನಗರದ ನಮ್ಮ ಟೈಲರ್ ಅಕ್ಕ. ಆಪರೇಷನ್ ಆಗಿ ಒಂದು ವರ್ಷವಾಗಿತ್ತು. ಹೊಲಿಗೆ ಶುರು ಮಾಡಿದ್ದರು. ಆದರೆ ಮುಂದಿನ ಚೆಕಪ್ ತಾರೀಖಿನ ಆಚೆಗೆ ಒಂದು ಬ್ಲೌಸ್ ಆರ್ಡರನ್ನೂ ಒಪ್ಪುತ್ತಿರಲಿಲ್ಲ. "ಬೇರೆಯವರ ಬಟ್ಟೆ ಅರ್ಧಕ್ಕೆ ನಿಲ್ಲಬಾರದು ಸಿಸ್ಟರ್" ಅಂದರು. ದಿನಕ್ಕೆ ಎಷ್ಟೋ ಸಲ ಕಂಕುಳು ಒತ್ತಿ ನೋಡಿ, ಒತ್ತಿದ್ದಕ್ಕೇ ನೋವು ಬಂದು, ಆ ನೋವಿಗೆ ಮತ್ತೆ ಹೆದರುತ್ತಿದ್ದರು.

ಮೊದಲು ಕೈಗೆ ಒಂದು ದಿನ ಗೊತ್ತು ಮಾಡಿದೆವು. ತಿಂಗಳಿಗೊಮ್ಮೆ, ಹಾಲಿನವನಿಗೆ ದುಡ್ಡು ಕೊಡುವ ದಿನ, ಸ್ನಾನದ ಹೊತ್ತಿನಲ್ಲಿ ನೋಡಿಕೊಳ್ಳುವುದು. ಉಳಿದ ದಿನ ಕೈ ಹೋದರೆ ಮಷಿನ್ ಚಕ್ರ ಹಿಡಿಯಬೇಕು. ಆಮೇಲೆ ಚಿಂತೆಗೆ ಒಂದು ಹೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಯವರು 1983ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ದಿನವಿಡೀ ಬರುವ ಚಿಂತೆಯನ್ನು ತಳ್ಳುವ ಬದಲು, ಅದಕ್ಕೇ ಅಂತ ಅರ್ಧ ಗಂಟೆ ಎತ್ತಿಡುವುದು. ನಮ್ಮ ಹೆಂಗಸರಿಗೆ ಅರ್ಧ ಗಂಟೆ ಯಾರು ಕೊಡುತ್ತಾರೆ? ನಾನು ಹದಿನೈದು ನಿಮಿಷ ಮಾಡಿದೆ. ಮಧ್ಯಾಹ್ನ ಹೊಲಿಯುವಾಗ ಭಯ ಬಂದರೆ ಅಳತೆ ಪುಸ್ತಕದ ಕೊನೇ ಪುಟದಲ್ಲಿ ಒಂದು ಸಾಲು ಬರೆದು ಮತ್ತೆ ಪೆಡಲ್ ತುಳಿಯುವುದು. ಸಂಜೆ ಆರಕ್ಕೆ ಕೂತು ಓದುವುದು. ಹಾಳೆಯಲ್ಲಿರುವ ಲಕ್ಷಣವಾದರೆ ಫೋನ್. ಇಲ್ಲದಿದ್ದರೆ ಗೀಟು ಹೊಡೆದು ಪುಸ್ತಕ ಮುಚ್ಚುವುದು.

ಮೊದಲ ವಾರ ಏನೂ ಆಗಲಿಲ್ಲ. ಅವರು ಬಿಟ್ಟೇಬಿಡುತ್ತಿದ್ದರು. ಮೂರನೇ ವಾರ ಫೋನಿನಲ್ಲಿ, "ಸಂಜೆ ಓದಿದ್ರೆ ಬೆಳಿಗ್ಗೆ ಬರೆದದ್ದು ಬೇರೆ ಯಾರದ್ದೋ ಅನ್ಸುತ್ತೆ" ಅಂದರು.

ಚೆಕಪ್ ಹತ್ತಿರ ಬಂದಾಗ ಮಾತ್ರ ಇದ್ಯಾವುದೂ ಪೂರ್ತಿ ಕೆಲಸ ಮಾಡುವುದಿಲ್ಲ. ಆ ವಾರ ನಿದ್ದೆ ಹೋಗೇ ಹೋಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ರಿಪೋರ್ಟ್ ಫೋನಿಗೆ ಬಂದರೆ ಒಬ್ಬರೇ ತೆರೆಯಬೇಡಿ ಅನ್ನುತ್ತೇನೆ. ರಾತ್ರಿ ಹತ್ತಕ್ಕೆ 'ನೋಡ್ಯೂಲ್' (ಸಣ್ಣ ಗಂಟು) ಅನ್ನುವ ಒಂದು ಪದ ಹುಡುಕಿ ಬೆಳಗಿನವರೆಗೆ ಕೂತವರನ್ನು ನೋಡಿದ್ದೇನೆ. ಸಾಧ್ಯವಾದಷ್ಟು ಮಟ್ಟಿಗೆ ರಿಪೋರ್ಟ್ ಬರುವ ದಿನವೇ ಡಾಕ್ಟರ ಭೇಟಿ ಹೊಂದಿಸುತ್ತೇನೆ. ಜೊತೆಗೆ ಬರುವವರಿಗೂ ಒಂದು ಮಾತು: "ಏನೂ ಆಗಲ್ಲ ಅನ್ಬೇಡಿ. ನಾನು ಜೊತೇಲಿ ಬರ್ತೀನಿ ಅನ್ನಿ."

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ನನ್ನ ಹಾಳೆಗೆ ಮೀರಿದ್ದು. ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಊರಿಗೆ ಹೋದವರಿಗೆ ಟೆಲಿ ಮಾನಸ್ ನಂಬರ್ 14416 ಬರೆದು ಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋದ ವರ್ಷ ಆಗಸ್ಟ್‌ನಲ್ಲಿ ಟೈಲರ್ ಅಕ್ಕ ಫೋನ್ ಮಾಡಿದರು. ಚೆಕಪ್ ತಾರೀಖು ಬದಲಾಯಿಸಬೇಕಿತ್ತು. ಎದೆ ಧಸಕ್ಕೆಂದಿತು. ಏನಾಯಿತು ಅಕ್ಕ ಅಂದೆ. "ಏನಿಲ್ಲ ಸಿಸ್ಟರ್, ಗೌರಿ ಹಬ್ಬಕ್ಕೆ ಇಪ್ಪತ್ತೆರಡು ಬ್ಲೌಸ್ ಒಪ್ಕೊಂಡಿದೀನಿ. ಆ ವಾರ ಬರೋಕಾಗಲ್ಲ."

ಹಬ್ಬದ ಮರುವಾರದ ಮಂಗಳವಾರಕ್ಕೆ ಬರೆದುಕೊಂಡೆ.