ಫೈಟರ್ ಮೀನು ವಿಚಿತ್ರವಾಗಿ ಆಡ್ತಿದೆಯಾ? ಔಷಧಿಗೆ ಮೊದಲು ನೀರು ನೋಡಿ

ನಮ್ಮನೆಗೆ ಮೊದಲ ಫೈಟರ್ ಮೀನು ಬಂದ ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅದು ಒಂದು ಎಲೆಯ ಮೇಲೆ ಪಕ್ಕಕ್ಕೆ ಒರಗಿ ಬಿದ್ದಿತ್ತು. ಸತ್ತೇ ಹೋಯಿತು ಅಂತ ಬಲೆ ತಂದೆ. ಲೈಟ್ ಹಾಕಿದ್ದೇ ತಡ, ಕಿವಿರು ಅಗಲಿಸಿಕೊಂಡು ನನ್ನ ಮೇಲೇ ರೇಗಿತು. ಪಾಪ, ನಿದ್ದೆ ಮಾಡುತ್ತಿತ್ತು ಅಷ್ಟೇ.

ಈ ಮೀನಿಗೆ ಬೆಟ್ಟಾ ಅಂತಲೂ ಹೆಸರಿದೆ, ಆದರೆ ನಮಗೆ ಬೆಟ್ಟ ಅಂದರೆ ನಂದಿ ಬೆಟ್ಟವೇ ನೆನಪಾಗುವುದು, ಅಂಗಡಿಯಲ್ಲೂ ಫೈಟರ್ ಅಂದರೇನೇ ಕೊಡುವುದು. ಇದರ ತವರು ಥಾಯ್ಲೆಂಡ್. ಅಲ್ಲಿ ಇದನ್ನು ‘ಪ್ಲಾ ಕಟ್’ ಅಂತಾರೆ, ಅಂದರೆ ಕಚ್ಚುವ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತಲೇ ಘೋಷಿಸಿತು. ಭತ್ತದ ಗದ್ದೆ, ಜೌಗಿನ ಬೆಚ್ಚಗಿನ ನಿಂತ ನೀರಲ್ಲಿ ಬೆಳೆದ ಜೀವ ಇದು. ಅಂಥ ನೀರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಇದಕ್ಕೆ ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುವ ಇನ್ನೊಂದು ಅಂಗವೂ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋದರೆ ಗಾಬರಿ ಬೇಡ. ಮೇಲೇ ಅಂಟಿಕೊಂಡು ನಿಂತು ಕಿವಿರು ಪಟಪಟ ಬಡಿದುಕೊಳ್ಳುತ್ತಿದ್ದರೆ ಮಾತ್ರ ಸಮಸ್ಯೆ ಇದೆ ಅಂತ ಅರ್ಥ.

ಗಂಡು ಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟುವುದೂ ಸಹಜವೇ. ಅದು ಮರಿ ಮಾಡಲು ತಯಾರಾಗಿದೆ ಅಂತ, ನಿಮ್ಮ ಟ್ಯಾಂಕ್ ಸ್ವರ್ಗವಾಗಿದೆ ಅಂತಲ್ಲ. ಕೊಳಕು ನೀರಲ್ಲೂ ಗೂಡು ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಇನ್ನು ಗಾಜಿನ ಉದ್ದಕ್ಕೂ ಹುಚ್ಚು ಹಿಡಿದ ಹಾಗೆ ಮೇಲೆ ಕೆಳಗೆ ಓಡಾಡುತ್ತಿದೆಯಾ? ಟ್ಯಾಂಕ್ ಲೈಟ್ ಉರಿಯುತ್ತಿದ್ದು ರೂಮು ಕತ್ತಲಾಗಿದ್ದರೆ ಗಾಜು ಕನ್ನಡಿಯ ಹಾಗಾಗುತ್ತದೆ, ತನ್ನದೇ ಬಿಂಬವನ್ನು ವೈರಿ ಅಂದುಕೊಂಡು ಗಂಟೆಗಟ್ಟಲೆ ಜಗಳ ಕಾಯುತ್ತದೆ. ಲೈಟ್ ಆರಿಸಿ, ಹಿಂದಿನ ಗಾಜಿಗೆ ಒಂದು ಕಪ್ಪು ಹಾಳೆ ಅಂಟಿಸಿ, ನೋಡಿ. ಆಗಲೂ ನಿಲ್ಲದಿದ್ದರೆ ಜಾಗ ಸಾಲುತ್ತಿಲ್ಲ, ಇಲ್ಲವೇ ನೀರು ಕೆಟ್ಟಿದೆ. ಉಂಡೆ ಬೌಲ್‌ನಲ್ಲಿ ಇಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಿ. ಒಂದು ಮೀನಿಗೆ 20 ಲೀಟರ್ ನೀರು ಅಂತ ಇಟ್ಟುಕೊಂಡರೆ ನಿಮಗೇ ಕೆಲಸ ಕಡಿಮೆ.

ಈಗ ಮುಖ್ಯ ವಿಷಯ. ಮೀನು ಮಂಕಾಗಿ ಮೂಲೆ ಸೇರಿದೆ, ರೆಕ್ಕೆ ಮಡಚಿಕೊಂಡಿದೆ, ಊಟ ಬಿಟ್ಟಿದೆ, ಮೈಮೇಲೆ ಅಡ್ಡ ಗೆರೆ ಎದ್ದಿದೆ ಅಂದರೆ ನಾವು ಏನು ಮಾಡುತ್ತೇವೆ? ಅಂಗಡಿಗೆ ಓಡುತ್ತೇವೆ, ಅವರು ಒಂದು ನೀಲಿ ಬಾಟಲಿ ಕೊಡುತ್ತಾರೆ, ನಾವು ತಂದು ಸುರಿಯುತ್ತೇವೆ. ನಾನೂ ಸುರಿದಿದ್ದೆ. ಆ ನೀಲಿ ಔಷಧಿ ಟ್ಯಾಂಕಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತದೆ, ನೀರು ಇನ್ನಷ್ಟು ಹದಗೆಡುತ್ತದೆ. ಮೀನಿನ ಕಸ, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ, ಅದು ಕಿವಿರನ್ನೇ ಸುಡುವ ವಿಷ. ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸುಮಾರು 4ರಿಂದ 6 ವಾರ ಬೇಕು. ನಾವು ಭಾನುವಾರ ಬಂದರೆ ಸಾಕು, ಕಲ್ಲು, ಫಿಲ್ಟರ್ ಸ್ಪಂಜು ಎಲ್ಲ ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೆದು, ಅಲ್ಲೇ ಮನೆಮಾಡಿದ್ದ ಆ ಬ್ಯಾಕ್ಟೀರಿಯಾವನ್ನೆಲ್ಲ ಚರಂಡಿಗೆ ಕಳಿಸಿ, ಫಳಫಳ ಹೊಳೆಯುವ ಟ್ಯಾಂಕ್ ನೋಡಿ ಖುಷಿಪಡುತ್ತೇವೆ. ಎರಡು ದಿನಕ್ಕೆ ಮೀನು ಮಲಗುತ್ತದೆ.

ಹಾಗಾಗಿ ಒಂದು ಟೆಸ್ಟ್ ಕಿಟ್ ತಂದಿಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲವಾದರೆ ಅವತ್ತೇ ಅರ್ಧ ನೀರು ತೆಗೆದು, ಅಷ್ಟೇ ಬಿಸಿಯಿರುವ ಹೊಸ ನೀರು ಹಾಕಿ, ಮರುದಿನ ಮತ್ತೆ ಪರೀಕ್ಷೆ ಮಾಡಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಅದೇ ನೀರಲ್ಲಿ ಒಮ್ಮೆ ಹಿಂಡಿದರೆ ಸಾಕು. ಸೋಪು ಹತ್ತಿರಕ್ಕೂ ಬೇಡ. ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ, ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಜಾಸ್ತಿ. ಪಿಎಚ್ ಏರಿದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ, ಇದು ನೆನಪಿರಲಿ.

ನೀರು ಸರಿಯಿದ್ದೂ ಮಂಕಾಗಿದೆಯಾ? ಥರ್ಮಾಮೀಟರ್ ನೋಡಿ. 25ರಿಂದ 27 ಡಿಗ್ರಿ ಇದಕ್ಕೆ ಹಿತ. ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿ ಹೊರಗೆ 15ರ ಹತ್ತಿರ ಇಳಿಯುತ್ತದೆ, ಸಣ್ಣ ಟ್ಯಾಂಕಿನ ನೀರು ಬೇಗ ತಣ್ಣಗಾಗುತ್ತದೆ, ಮೀನು ಕಂಬಳಿ ಕೇಳುವ ಸ್ಥಿತಿ. 20 ಲೀಟರಿಗೆ 25 ಅಥವಾ 50 ವ್ಯಾಟ್‌ನ ಹೀಟರ್ ಸಾಕು. ಮಂಗಳೂರಿನವರಿಗೆ ಈ ತಲೆನೋವು ಅಷ್ಟಿಲ್ಲ ಬಿಡಿ.

ಒಂದು ಪಕ್ಕಕ್ಕೆ ತೇಲುತ್ತಿದ್ದರೆ, ಅಥವಾ ಕಲ್ಲು ಕಟ್ಟಿದ ಹಾಗೆ ತಳ ಸೇರುತ್ತಿದ್ದರೆ, ಹೊಟ್ಟೆಯನ್ನು ಗಮನಿಸಿ. ಉಬ್ಬಿದ್ದರೆ ಬಹುಪಾಲು ಊಟ ಜಾಸ್ತಿಯಾಗಿದೆ. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಜ್ಜಿ, ಸಂಜೆ ಮಗು ಹೀಗೆ ಮೂರು ಜನ ಮೂರು ಸಲ ಹಾಕಿರುತ್ತಾರೆ, ಅದು ಬೇಡ ಅನ್ನುವ ಮೀನಲ್ಲ. ಒಂದೆರಡು ದಿನ ಉಪವಾಸ ಹಾಕಿ, ಏನೂ ಆಗಲ್ಲ. ಆಮೇಲೆ ದಿನಕ್ಕೆ ಮೀನಿನ ಊಟದ ನಾಲ್ಕೈದು ಕಾಳು, ಒಬ್ಬರೇ ಹಾಕಿ.

ಕೆಲವು ಗುರುತು ಕಂಡರೆ ಮಾತ್ರ ರೋಗ ಅಂತ ಯೋಚಿಸಿ. ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದ್ದು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಇಕ್ ಅನ್ನುವ ಪರಾವಲಂಬಿ ರೋಗ, ಇದಕ್ಕೆ ಔಷಧಿ ಬೇಕು, ಚುಕ್ಕೆ ಹೋದ ಮೇಲೂ ಕೆಲವು ದಿನ ಮುಂದುವರಿಸಬೇಕು, ಯಾಕಂದರೆ ಔಷಧಿ ತಾಗುವುದು ಆ ಪರಾವಲಂಬಿ ನೀರಲ್ಲಿ ಈಜಾಡುವಾಗ ಮಾತ್ರ. ಟಾರ್ಚ್ ಬಿಟ್ಟಾಗ ಮೈಮೇಲೆ ಚಿನ್ನದ ಧೂಳಿನಂಥದ್ದು ಹೊಳೆದರೆ ವೆಲ್ವೆಟ್. ಮೇಲಿನಿಂದ ನೋಡಿದಾಗ ಹುರುಪೆಗಳು ಎದ್ದು ನಿಂತಿದ್ದರೆ ಡ್ರಾಪ್ಸಿ, ಅದು ಹೆಚ್ಚಾಗಿ ವಾಸಿಯಾಗುವುದಿಲ್ಲ. ಎರಡು ಮೂರು ವರ್ಷ ದಾಟಿದ ಮೀನು ನಿಧಾನವಾದರೆ ಅದು ವಯಸ್ಸು, ಊಟ ಹತ್ತಿರಕ್ಕೇ ಹಾಕಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸಂಜೆಯಾದ ಮೇಲೆ ಮಾತ್ರ ಮೀನು ತಡಬಡಾಯಿಸುತ್ತಿದ್ದರೆ ಟ್ಯಾಂಕ್ ಪಕ್ಕದ ಪ್ಲಗ್ ನೋಡಿ. ಸೊಳ್ಳೆ ಓಡಿಸುವ ಲಿಕ್ವಿಡ್ ಚುಚ್ಚಿರುತ್ತೀರಿ. ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಮೀನಿಗೆ ತುಂಬಾ ವಿಷ, ಮೇಲಿನ ಗಾಳಿಯನ್ನೇ ಉಸಿರಾಡುವ ಫೈಟರ್‌ಗೆ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಲಿಕ್ವಿಡ್ ಆಚೆ ರೂಮಿಗೆ ಹೋಗಲಿ, ಈ ರೂಮಿನಲ್ಲಿ ಸೊಳ್ಳೆ ಪರದೆ ಕಟ್ಟಿಕೊಳ್ಳಿ.