ಚೀಟಿಯ 5 ಮಿಲಿಗ್ರಾಂ ಮತ್ತು ನನ್ನ ಗುಣಾಕಾರ

ಜಿಎಚ್‌ಆರ್‌ಪಿ-6 ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡಿಸುವ, ಆರೇ ಅಮೈನೋ ಆಮ್ಲಗಳ ಸರಪಳಿ, ಅಂದರೆ ಪೆಪ್ಟೈಡ್. ಇಂಥ ಕೃತಕ ಪೆಪ್ಟೈಡ್‌ಗಳು 1980ರ ದಶಕದಲ್ಲೇ ತಯಾರಾಗಿದ್ದವು. ಅವು ಜೀವಕೋಶದ ಮೇಲೆ ಅಂಟಿಕೊಳ್ಳುವ ಗ್ರಾಹಕದ (ರಿಸೆಪ್ಟರ್) ಜೀನ್ ಸಿಕ್ಕಿದ್ದು 1996ರಲ್ಲಿ, ಅದೇ ಗ್ರಾಹಕಕ್ಕೆ ದೇಹವೇ ತಯಾರಿಸುವ ಗ್ರೆಲಿನ್ ಎಂಬ ಹಾರ್ಮೋನ್ ಪತ್ತೆಯಾದದ್ದು 1999ರಲ್ಲಿ. ಬೀಗಕ್ಕಿಂತ ಮೊದಲೇ ನಕಲಿ ಕೀಲಿ!

ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಇದನ್ನು ಪರೀಕ್ಷಿಸುವುದಾದರೆ, ಫ್ರೀಜರಿನಿಂದ ತೆಗೆದ ಪುಡಿಯ ಸೀಸೆಯನ್ನು ಕೂಡಲೇ ತೆರೆಯಬೇಡಿ. ಕೋಣೆಯ ಉಷ್ಣತೆಗೆ ಬರುವವರೆಗೆ ಅರ್ಧ ಗಂಟೆ ಬಿಡಿ, ಇಲ್ಲವಾದರೆ ಗಾಳಿಯ ತೇವವೆಲ್ಲ ಪುಡಿಗೆ ಇಳಿಯುತ್ತದೆ. ಒಮ್ಮೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ಪುಡಿ ಎಷ್ಟು ಹಗುರವೆಂದರೆ ಅರ್ಧ ಪಾಲು ಮುಚ್ಚಳದಲ್ಲೇ ಕುಳಿತಿರಬಹುದು.

ಇನ್ನು ನಾನು ಎಡವಿದ ಜಾಗ. ಸೀಸೆಯ ಚೀಟಿಯಲ್ಲಿ 5 ಮಿಲಿಗ್ರಾಂ, ಶುದ್ಧತೆ ಶೇ 98 ಎಂದಿತ್ತು. ಅಣುತೂಕ 873, ಭಾಗಿಸಿ, 5.73 ಮಿಲಿಲೀಟರ್ ನೀರು ಹಾಕಿ, ನಳಿಕೆಗಳ ಮೇಲೆ '1 ಮಿಲಿಮೋಲಾರ್' ಎಂದು ಬರೆದು ಬೀಗಿದೆ. ಆದರೆ ಆ ಶುದ್ಧತೆ ಪೆಪ್ಟೈಡ್‌ಗಳ ನಡುವಿನ ಲೆಕ್ಕ ಮಾತ್ರ. ಪುಡಿಯಲ್ಲಿ ಸೇರಿಕೊಂಡ ಟ್ರೈಫ್ಲೋರೋಅಸಿಟೇಟ್ ಲವಣವೂ ನೀರೂ ಅದರಲ್ಲಿ ಬರುವುದೇ ಇಲ್ಲ. ಪ್ರಮಾಣಪತ್ರದಲ್ಲಿ 'ನೆಟ್ ಪೆಪ್ಟೈಡ್', ಅಂದರೆ ಪುಡಿಯಲ್ಲಿ ಪೆಪ್ಟೈಡಿನ ನಿಜವಾದ ಪಾಲು, ಎಂಬ ಸಾಲು ಬೇರೆಯೇ ಇರುತ್ತದೆ. ನಾನು ಅದನ್ನು ಓದಿರಲಿಲ್ಲ.

ಅದೃಷ್ಟಕ್ಕೆ ಈ ಸರಪಳಿಯಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಎರಡು ಪ್ರತಿಗಳಿವೆ, ಎರಡು ಟ್ರಿಪ್ಟೊಫಾನ್‌ಗಳಿವೆ, ಅವು 280 ನ್ಯಾನೋಮೀಟರ್ ಬೆಳಕನ್ನು ಹೀರುತ್ತವೆ. ಬೆಳಕು ಹೀರುವ ಗುಣಾಂಕ ಒಂದಕ್ಕೆ ಸುಮಾರು 5,500ರಂತೆ ಒಟ್ಟು 11,000. ದ್ರಾವಣವನ್ನು ಇಪ್ಪತ್ತು ಪಟ್ಟು ತೆಳುಗೊಳಿಸಿದರೆ ಹೀರಿಕೆಯ ಅಳತೆ 0.55 ಬರಬೇಕಿತ್ತು, ಬಂದದ್ದು 0.44. ಅಂದರೆ ನನ್ನ ಒಂದು ನಿಜವಾಗಿ 0.8. ಮುಂದೆ ಬೆರೆಸಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಹಾಕುವ ಮೊದಲೇ ಈ ಅಳತೆಯನ್ನು ಮುಗಿಸಿ, ಅದೂ ಇದೇ ಬೆಳಕನ್ನು ಹೀರುತ್ತದೆ.

ನಂತರ ಒಂದು ಪ್ರಯೋಗಕ್ಕೆ ಒಂದರಂತೆ ಸಣ್ಣ ನಳಿಕೆಗಳಿಗೆ ಹಂಚಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಟ್ರಿಪ್ಟೊಫಾನ್ ಇರುವುದರಿಂದ ಬೆಳಕಿನಿಂದಲೂ ದೂರವಿಡಿ. ನ್ಯಾನೋಮೋಲಾರ್ ಮಟ್ಟಕ್ಕೆ ಇಳಿಸುವಾಗ ಪೆಪ್ಟೈಡ್ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿ ಮಾಯವಾಗುತ್ತದೆ. ದ್ರಾವಣಕ್ಕೆ ಶೇ 0.1 ಆಲ್ಬುಮಿನ್ ಸೇರಿಸಿ, ಪೆಪ್ಟೈಡ್ ಇಲ್ಲದ ನಿಯಂತ್ರಣ ಬಾವಿಗೂ (ಜೀವಕೋಶಗಳನ್ನು ಇಡುವ ತಟ್ಟೆಯ ಪುಟ್ಟ ಗುಳಿ) ಅಷ್ಟನ್ನೇ ಹಾಕಿ.

ಈ ಗ್ರಾಹಕ ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿಸುತ್ತದೆ, ಆದ್ದರಿಂದ ಅದನ್ನೇ ಅಳೆಯಿರಿ. ಸೈಕ್ಲಿಕ್ ಎಎಂಪಿ ಎಂಬ ಇನ್ನೊಂದು ಸಂಕೇತದ ಅಣುವನ್ನು ನೇರವಾಗಿ ಏರಿಸುವುದು, ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡಿಸುವ ದೇಹದ್ದೇ ಹಾರ್ಮೋನಾದ ಜಿಎಚ್‌ಆರ್‌ಎಚ್‌ನ ಬೇರೆ ಗ್ರಾಹಕ. ಒಂದು ಹೊಡೆತ ಬಿದ್ದ ಮೇಲೆ ಗ್ರಾಹಕ ಬೇಗ ಮಂಕಾಗುವುದರಿಂದ ಒಂದೇ ಬಾವಿಗೆ ಮೇಲಿಂದ ಮೇಲೆ ಪ್ರಮಾಣ ಏರಿಸುತ್ತಾ ಹೋಗಬಾರದು. ಪ್ರತಿ ಸಾಂದ್ರತೆಗೂ ಪ್ರತ್ಯೇಕ ಬಾವಿ ಬೇಕು. ಗ್ರಾಹಕವೇ ಇಲ್ಲದ ಜೀವಕೋಶಗಳ ಒಂದು ಸಾಲನ್ನೂ ಇಡಿ. ಅಲ್ಲಿಯೂ ಪರದೆ ಮಿನುಗಿದರೆ ನಿಮ್ಮ ಸಂತೋಷ ಸುಳ್ಳು.

ಸ್ನಾಯು ಬೆಳೆಸಲು ಇದನ್ನು ಕೇಳಿಕೊಂಡು ಬರುವವರೂ ಇದ್ದಾರೆ. ಸಂಶೋಧನೆಗೆಂದು ಮಾರುವ ಈ ಪುಡಿ ಮನುಷ್ಯರ ದೇಹಕ್ಕೆ ತಯಾರಿಸಿದ್ದಲ್ಲ, ಅವರಿಗೆ ನನ್ನ ಉತ್ತರ ಇಲ್ಲ ಎಂದೇ.

ಅಂದ ಹಾಗೆ, ನನ್ನ ಮೊದಲ ಬ್ಯಾಚಿನ ಹದಿನೇಳು ನಳಿಕೆಗಳು ಇನ್ನೂ ಫ್ರೀಜರಿನಲ್ಲಿವೆ. ಎಲ್ಲದರ ಮೇಲೂ '1' ಹೊಡೆದು '0.8' ಎಂದು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ.